ಅಲ್ಪ ಹಣದಲ್ಲಿ ಟರ್ಬೊ: ಕೊಳ್ಳುವ ಮುನ್ನ

ಒಲೆಯ ಬುಡಕ್ಕೆ ಗಾಳಿಯೂದಿದರೆ ಕೆಂಡ ನಿಗಿನಿಗಿಸುವುದನ್ನು ಹೋಟೆಲಿನ ಅಡಿಗೆಮನೆಯಲ್ಲಿ ದುಡಿದ ನಮ್ಮವರೆಲ್ಲ ಬಲ್ಲರು. ಮೋಟಾರಿನ ಟರ್ಬೊಚಾರ್ಜರಿನ ಕೆಲಸವೂ ಅದೇ. ಇಂಜಿನು ಹೊರದೂಡುವ ಹೊಗೆಯ ರಭಸದಿಂದಲೇ ಚಕ್ರವೊಂದು ತಿರುಗಿ, ಹೆಚ್ಚಿನ ಗಾಳಿಯನ್ನು ಇಂಜಿನಿನೊಳಕ್ಕೆ ಒತ್ತುತ್ತದೆ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು.

ಹಳೆಯದೊಂದು ವೇಗದ ಕಾರು ಕೊಂಡು, ಅದಕ್ಕೆ ಇನ್ನೂ ದೊಡ್ಡ ಟರ್ಬೊ ಹಾಕಿಸುವ ಹಂಬಲ ನಮ್ಮ ತರುಣರಲ್ಲಿಯೂ ಉಂಟು. ಆದರೆ ದೊಡ್ಡದೆಲ್ಲ ಒಳ್ಳೆಯದಲ್ಲ. ದೊಡ್ಡ ಚಕ್ರ ವೇಗಗೊಳ್ಳಲು ಹೊತ್ತು ಹಿಡಿಯುತ್ತದೆ. ದಾದರ್‌ನಿಂದ ಅಂಧೇರಿಗೆ ತೆವಳುವ ಸಂದಣಿಯಲ್ಲಿ ಅದರ ಬಲ ಒದಗುವ ಮೊದಲೇ ಮುಂದಿನ ಕೆಂಪು ದೀಪ ಎದುರಾಗುತ್ತದೆ. ಮೂಲದ್ದಕ್ಕಿಂತ ತುಸುವೇ ದೊಡ್ಡದಾದುದು ಲೇಸು.

ಕುರ್ಲಾದ ಹಳೆಯ ಬಿಡಿಭಾಗಗಳ ಅಂಗಡಿಯಲ್ಲಿ ಕೊಳ್ಳುವುದಾದರೆ, ಚಕ್ರದ ದಂಡವನ್ನು ಹಿಡಿದು ಹಿಂದುಮುಂದಕ್ಕೆ ಎಳೆದು ನೋಡಿರಿ. ಕೈಗೆ ಸ್ಪಷ್ಟವಾಗಿ ಅಲುಗಿದರೆ, ರೆಕ್ಕೆಗಳ ಅಂಚು ಮುಕ್ಕಾಗಿದ್ದರೆ, ಬೆಲೆ ಎಷ್ಟೇ ಇಳಿದರೂ ಬೇಡ. ನಿಮಿಷಕ್ಕೆ ಲಕ್ಷ ಸುತ್ತು ಮೀರಬಲ್ಲ ದಂಡಕ್ಕೆ ಶುದ್ಧ ತೈಲವೇ ಪ್ರಾಣ.

ಇದ್ದ ಹಣವನ್ನೆಲ್ಲ ಟರ್ಬೊಗೇ ಸುರಿಯಬಾರದು. ಗಾಳಿ ಹೆಚ್ಚಿದಂತೆ ಇಂಧನವೂ ತಂಪೂ ಹೆಚ್ಚಬೇಕು. ಇಲ್ಲವಾದರೆ ಪಿಸ್ಟನ್ನೇ ಕರಗೀತು. ಬ್ರೇಕುಗಳೂ ಆ ವೇಗಕ್ಕೆ ತಕ್ಕಂತಿರಬೇಕು.

ಎಲ್ಲಕ್ಕಿಂತ ಮೊದಲು ಕಾನೂನು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. ಆರ್‌ಟಿಓ ಕಚೇರಿಯನ್ನೂ ವಿಮಾ ಸಂಸ್ಥೆಯನ್ನೂ ಲಿಖಿತವಾಗಿ ಕೇಳಿದ ಬಳಿಕವೇ ಚೀಲ ಬಿಚ್ಚಿರಿ. ಅಪಘಾತವಾದ ದಿನ ವಿಮೆ ಕೈಕೊಟ್ಟರೆ, ತಿಂಗಳು ತಿಂಗಳೂ ಊರಿಗೆ ಕಳುಹಿಸಿ ಮಿಗಿಸಿದ ಹಣವೆಲ್ಲ ಒಂದೇ ಗಳಿಗೆಯಲ್ಲಿ ಕರಗೀತು.