ಬೈನಾಕ್ಯುಲರ್ ಇಲ್ಲದವರೂ ಬನ್ನಿ

ಹಕ್ಕಿ ನೋಡಲು ಬರುತ್ತೀರಾ ಎಂದು ನಮ್ಮ ಕಾಮರ್ಸ್ ಕ್ಲಾಸಿನಲ್ಲಿ ಕೇಳಿದರೆ ಸಿಗುವ ಮೊದಲ ಉತ್ತರ, "ನನ್ನ ಹತ್ತಿರ ಬೈನಾಕ್ಯುಲರ್ ಇಲ್ಲ." ಇದ್ದವರಲ್ಲೂ ಕೆಲವರು ಹಕ್ಕಿಯ ಹೆಸರಿಗಿಂತ ಮೊದಲು ಕಂಪನಿಯ ಹೆಸರು ಕೇಳುತ್ತಾರೆ. ಆ ಪ್ರಶ್ನೆಗೆ ಮುಜುಗರಪಟ್ಟು ನನ್ನ ಗೆಳೆಯನೊಬ್ಬ ಮತ್ತೆ ಬರಲೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೋಡಬೇಕಾದ್ದು ಹೆಸರನ್ನಲ್ಲ, ಮೇಲೆ ಬರೆದಿರುವ ಅಂಕಿಯನ್ನು. 8×42 ಇದ್ದರೆ, ಹಕ್ಕಿ ಎಂಟು ಪಟ್ಟು ಹತ್ತಿರ ಕಾಣುತ್ತದೆ. ಮುಂದಿನ ಗಾಜಿನ ಅಗಲ 42 ಮಿ.ಮೀ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಅಷ್ಟು ಮಿ.ಮೀ. ಅಗಲ. ಆದರೆ ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ ತೆರೆಯುವುದೇ ಸುಮಾರು 2ರಿಂದ 3 ಮಿ.ಮೀ. ಹಾಗಾಗಿ ಹಗಲಿಗೆ ಪುಟ್ಟ 8×25 ಸಾಕು. ಮುಸ್ಸಂಜೆಗೆ ಮಾತ್ರ ದೊಡ್ಡ ಗಾಜು ಬೇಕು. 20 ಪಟ್ಟು ಎಂದು ಮಾರುವುದಕ್ಕೆ ಮರುಳಾಗಬೇಡಿ, ಕೈನಡುಕವೂ 20 ಪಟ್ಟಾಗಿ ಹಕ್ಕಿ ಕುಣಿಯುತ್ತದೆ.

ಝೈಸ್, ಸ್ವರೋವ್‌ಸ್ಕಿ ಚೆನ್ನಾಗಿಲ್ಲ ಎಂದಲ್ಲ. ಚಿತ್ರ ಅಂಚಿನವರೆಗೂ ಸ್ಪಷ್ಟ. ಆದರೆ ಅರ್ಥಶಾಸ್ತ್ರದಲ್ಲಿ ಓದಿದ ಇಳಿಮುಖ ಸೀಮಾಂತ ತುಷ್ಟಿಗುಣ ನೆನಪಿದೆಯಲ್ಲ? ಬರಿಗಣ್ಣಿನಿಂದ ಸಾಧಾರಣ ಬೈನಾಕ್ಯುಲರ್‌ಗೆ ಹೋದಾಗ ಸಿಗುವ ಖುಷಿಯೇ ದೊಡ್ಡದು. ಅಲ್ಲಿಂದ ಮುಂದೆ ದುಡ್ಡು ಹತ್ತು ಪಟ್ಟಾದರೂ ಖುಷಿ ಹತ್ತು ಪಟ್ಟಾಗದು.

ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗಂತೂ ಅದೂ ಬೇಡ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಮನೆಯ ಜಗಲಿಯಿಂದಲೇ ಮರಿಗಳು ಕಾಣುತ್ತವೆ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಸಾಕಿ ಬಿಟ್ಟಿದ್ದಾರೆ. ಗೂಡಿರುವ ಮರದ ಹುಣಸೆ ಕೀಳದೆ ಬಿಟ್ಟರೆ ನಷ್ಟ ಮರದ ಯಜಮಾನನಿಗೆ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆ ಇದೆ. (ಕಾಮರ್ಸ್‌ನವರಿಗೆ ಇದೂ ಒಂದು ಲೆಕ್ಕ!) 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಅಷ್ಟು ದೂರವೂ ಬೇಡ ಎಂದರೆ ಬೆಸಗರಹಳ್ಳಿಯ ಗದ್ದೆ ಬದುವಿಗೆ ಬನ್ನಿ. ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ, ತಂತಿಯ ಮೇಲೆ ಮಿಂಚುಳ್ಳಿ. ಬೀಸಣಿಗೆಯಂಥ ಜುಟ್ಟಿನ ಚಂದ್ರಮುಕುಟವೂ ಸಿಗಬಹುದು. ನಮ್ಮ ಮನೆಯ ಉರ್ದುವಿನಲ್ಲಿ ಅದು ಹುದ್‌ಹುದ್. ನಮ್ಮ ನಾನಿಗೆ ದೂರದ್ದು ಸರಿಯಾಗಿ ಕಾಣದು, ಆದರೂ "ಹುಪ್ ಹುಪ್" ಎಂಬ ಕೂಗು ಕೇಳಿದ ಕೂಡಲೇ ಯಾವ ಹಕ್ಕಿ ಎಂದು ನನಗಿಂತ ಮೊದಲು ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡುತ್ತೇವೆ. ನೋಟ್‌ಬುಕ್ ತನ್ನಿ. ನಮ್ಮ ಗುಂಪಿನಲ್ಲಿ ಒಂದು ಬೈನಾಕ್ಯುಲರ್ ಇದೆ, ಸರದಿಯಲ್ಲಿ ನೋಡೋಣ.