ಬದುವಿನ ವ್ಯಾಜ್ಯ

ನೆರೆಹೊರೆಯವರ ಕಲಹಗಳಲ್ಲಿ ಬದುವಿನ ಕಲಹದಷ್ಟು ದೀರ್ಘಾಯುಷ್ಯವುಳ್ಳದ್ದು ಮತ್ತೊಂದಿಲ್ಲ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯ ಕಡಲೆಕಾಯಿಯ ಹೊಲಗಳನ್ನೇ ನೋಡಿರಿ. ಮಳೆ ಅಪರೂಪವಾದ ಆ ಸೀಮೆಯಲ್ಲಿ ಒಂದೊಂದು ಸಾಲೂ ಅಮೂಲ್ಯವೇ ಸರಿ. ನೇಗಿಲು ವರ್ಷವರ್ಷವೂ ಬದುವನ್ನು ಅಂಗುಲದಷ್ಟು ಕೊರೆಯುವುದು. ಕೊರೆದವನಿಗೆ ಅದು ಕಾಣದು, ಕಳೆದುಕೊಂಡವನಿಗೆ ಮರೆಯದು.

ಆದರೂ ಲೆಕ್ಕವೊಂದನ್ನು ಮಾಡೋಣ. ಗುಂಟೆಯೆಂದರೆ 33 ಅಡಿಯ ಚೌಕ, ಅಂದರೆ 1,089 ಚದರಡಿ. 330 ಅಡಿ ಉದ್ದದ ಬದು ಒಂದಡಿ ಸರಿದರೆ ಹೋಗುವುದು 330 ಚದರಡಿ; ಗುಂಟೆಯ ಮೂರರಲ್ಲೊಂದು ಪಾಲೂ ಅಲ್ಲ! ಇಷ್ಟಕ್ಕೆ ವಕೀಲರ ಮನೆಗೆ ನಡೆಯುವ ಮುನ್ನ ಹದ್ದುಬಸ್ತಿಗೆ ಅರ್ಜಿ ಕೊಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮೋಜಣಿದಾರರು ನೆರೆಯವರಿಗೂ ನೋಟೀಸು ಕೊಟ್ಟು, ಹಳೆಯ ಟಿಪ್ಪಣಿಯಂತೆ ಅಳೆದು ಎಲ್ಲೆಯನ್ನು ತೋರಿಸುವರು. ಅದಕ್ಕೂ ಒಪ್ಪದಿದ್ದಲ್ಲಿ, 1964ರ ಕರ್ನಾಟಕ ಭೂಕಂದಾಯ ಕಾಯಿದೆಯ ಮೇರೆಗೆ ತಹಶೀಲ್ದಾರರು ಎಲ್ಲೆಯ ವಿವಾದವನ್ನು ತೀರ್ಮಾನಿಸುವರು. ಒಡೆತನವೇ ವಿವಾದವಾದರೆ ಸಿವಿಲ್ ನ್ಯಾಯಾಲಯವೇ ಗತಿ.

ನೋಟೀಸು ತಲಪುವುದಕ್ಕೆ ಮೊದಲೇ ನೆರೆಮನೆಗೆ ತಾವಾಗಿ ಹೋಗಿ ವಿಷಯ ತಿಳಿಸುವುದನ್ನು ಮರೆಯಬಾರದು. ಕಾಗದ ಮುಂದಾಗಿ ಮಾತು ಹಿಂದಾದರೆ ಸಂಶಯ ಬೆಳೆಯುವುದು. ಬೆಳೆ ಕಿತ್ತ ಮೇಲೆ, ಬಿತ್ತನೆಗೆ ಮುಂಚೆ ಅಳೆಯಿಸುವುದು ಅನುಕೂಲ. ಕಲ್ಲು ನೆಡುವಾಗ ಎರಡು ಮನೆಯವರೂ ಹೊಲದಲ್ಲಿ ನಿಂತಿರಲಿ.