ಚಾರ್ಲ್ಸ್‌ಟನ್‌ನಿಂದ ಹೊರಟ ಗೆರೆ

ವಾಷಿಂಗ್ಟನ್ ನಗರದಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಅನಾಪೊಲಿಸ್ ಊರಿನ ದಕ್ಕೆಯಲ್ಲಿ ಪ್ರತಿ ಅಕ್ಟೋಬರಿನಲ್ಲೂ ಹಾಯಿದೋಣಿಗಳ ದೊಡ್ಡ ಮೇಳ ನಡೆಯುತ್ತದೆ. 1970ರಲ್ಲಿ ಶುರುವಾದ ಮೇಳ ಇದು. ಅಲ್ಲಿ ದೋಣಿ ಕೊಂಡವರಲ್ಲಿ ಹಲವರಿಗೆ ಅದನ್ನು ತಾವೇ ಸಾಗರ ದಾಟಿಸುವಷ್ಟು ಬಿಡುವೂ ಇಲ್ಲ, ಅನುಭವವೂ ಇಲ್ಲ. ದೋಣಿ ಮಾತ್ರ ಚಳಿಗಾಲಕ್ಕೆ ಮುಂಚೆ ಕೆರಿಬಿಯನ್ ದ್ವೀಪಗಳನ್ನು ಸೇರಬೇಕು. ಹೀಗೆ ಇನ್ನೊಬ್ಬರ ದೋಣಿಯನ್ನು ಕಡಲಿನ ಮೇಲೆ ನಡೆಸಿಕೊಂಡು ಹೋಗಿ, ಒಪ್ಪಿಸಿ, ವಿಮಾನದಲ್ಲಿ ಮನೆಗೆ ಮರಳುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಅವರನ್ನು ಡೆಲಿವರಿ ಕ್ಯಾಪ್ಟನ್ ಎನ್ನುತ್ತಾರೆ.

ಅವರ ದಾರಿ ಸರಳವಲ್ಲ. ಚೆಸಪೀಕ್ ಕೊಲ್ಲಿಯಲ್ಲಿ ಸುಮಾರು 120 ನಾಟಿಕಲ್ ಮೈಲಿ ತೆಂಕಣಕ್ಕೆ ಇಳಿದರೆ ನಾರ್ಫೋಕ್. ಚಂಡಮಾರುತಗಳ ಕಾಲ ತಗ್ಗುವ ತನಕ ಅಲ್ಲಿ ಕಾಯಬೇಕು. ನವೆಂಬರ್ ಮೊದಲ ವಾರದ ಹೊತ್ತಿಗೆ ಒಳ್ಳೆಯ ಗಾಳಿ ನೋಡಿಕೊಂಡು ಹೊರಟರೆ, ಉತ್ತರ ಕೆರೊಲಿನಾದ ಹ್ಯಾಟರಸ್ ಭೂಶಿರದ ಆಚೆ ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಹೊಳೆ ಎದುರಾಗುತ್ತದೆ. ಬಡಗಣ ಗಾಳಿ ಬೀಸಿದ ದಿನ ಆ ಪ್ರವಾಹಕ್ಕೆ ಎದುರಾಗಿ ಅಲೆಗಳು ಗೋಡೆಗಳಂತೆ ಏಳುತ್ತವೆ. ಆ ಕರಾವಳಿಗೆ ಅಟ್ಲಾಂಟಿಕ್‌ನ ಸ್ಮಶಾನ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅದನ್ನು ದಾಟಿದರೆ ವರ್ಜಿನ್ ದ್ವೀಪಗಳ ತನಕ ಬರೀ ನೀರು. ಒಟ್ಟು ದಾರಿ ಸುಮಾರು 1,500 ನಾಟಿಕಲ್ ಮೈಲಿ. ಗಂಟೆಗೆ ಆರು ಮೈಲಿಯಂತೆ ಹತ್ತು ಹನ್ನೊಂದು ದಿನ.

ಈಗ ಎಲ್ಲ ದೋಣಿಯಲ್ಲೂ ಜಿಪಿಎಸ್ ಇದೆ. ಆದರೆ ಒಂದೇ ಒಂದು ಸಿಡಿಲು ಪಟಸ್ತಂಭಕ್ಕೆ ಬಡಿದರೆ ದೋಣಿಯ ವಿದ್ಯುತ್ ಸಲಕರಣೆಗಳೆಲ್ಲ ಒಟ್ಟಿಗೇ ಸುಟ್ಟುಹೋಗಬಹುದು. ಹಾಗಾಗಿ ಹಳೆಯ ಪಳಗಿದ ಕ್ಯಾಪ್ಟನ್‌ಗಳು ಮರದ ಪೆಟ್ಟಿಗೆಯೊಂದನ್ನು ಜೊತೆಗೇ ಒಯ್ಯುತ್ತಾರೆ. ಅದರೊಳಗಿರುವುದು ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟೆಂಟ್. ನಾನು ಈ ಕಸುಬಿನ ವಿಚಾರ ತಿಳಿಯಲು ಹೊರಟವನು. ಮನಸ್ಸು ನಿಂತದ್ದು ಮಾತ್ರ ಆ ಪೆಟ್ಟಿಗೆಯ ಹಿಂದಿರುವ ಒಬ್ಬ ಮನುಷ್ಯನ ಮೇಲೆ.

ಅವನ ಹೆಸರು ಥಾಮಸ್ ಹಬರ್ಡ್ ಸಮ್ನರ್. ಹಾರ್ವರ್ಡ್‌ನಲ್ಲಿ ಓದಿ ಹಡಗಿನ ಕ್ಯಾಪ್ಟನ್ ಆದವನು. 1837ರ ನವೆಂಬರ್ 25ರಂದು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನಿಂದ ಸ್ಕಾಟ್ಲೆಂಡಿನ ಗ್ರೀನಕ್‌ಗೆ ಹಡಗು ಬಿಟ್ಟ. ಅಟ್ಲಾಂಟಿಕ್ ದಾಟಿ ಐರ್ಲೆಂಡ್ ಹತ್ತಿರವಾಗುತ್ತಿದ್ದಂತೆ ಮೋಡ ಕವಿಯಿತು. ದಿನಗಟ್ಟಲೆ ಸೂರ್ಯನಿಲ್ಲ, ನಕ್ಷತ್ರವಿಲ್ಲ. ವೇಗ ಮತ್ತು ದಿಕ್ಕನ್ನು ಲೆಕ್ಕ ಹಾಕಿ ಇಲ್ಲಿರಬಹುದು ಎಂದುಕೊಳ್ಳುವುದಷ್ಟೇ ಉಳಿದದ್ದು. ಆಗ್ನೇಯದಿಂದ ಬಿರುಗಾಳಿ ಎದ್ದಿತು. ಅದು ಹಡಗನ್ನು ಒತ್ತುತ್ತಿದ್ದುದು ಐರ್ಲೆಂಡಿನ ಬಂಡೆಗಳ ಕಡೆಗೆ.

ಡಿಸೆಂಬರ್ 17ರ ಬೆಳಿಗ್ಗೆ ಹತ್ತರ ಸುಮಾರಿಗೆ ಮೋಡ ಒಂದಿಷ್ಟು ಬಿರಿಯಿತು. ಸಮ್ನರ್ ಸೂರ್ಯನ ಎತ್ತರ ಅಳೆದ, ಕ್ರೊನೊಮೀಟರ್ ಎಂಬ ನಿಖರ ಗಡಿಯಾರ ನೋಡಿ ಗಳಿಗೆ ಬರೆದುಕೊಂಡ. ರೇಖಾಂಶ ತೆಗೆಯಬೇಕಾದರೆ ಅಕ್ಷಾಂಶ ಗೊತ್ತಿರಬೇಕು. ಅವನಿಗೆ ಅದು ಖಚಿತವಿರಲಿಲ್ಲ. ಬೇರೆಯವನಾಗಿದ್ದರೆ ಲೆಕ್ಕವನ್ನು ಅಲ್ಲಿಗೇ ಬಿಡುತ್ತಿದ್ದ. ಇವನು ಊಹೆಯ ಅಕ್ಷಾಂಶ ಹಿಡಿದು ಒಮ್ಮೆ ಲೆಕ್ಕ ಮಾಡಿದ. ಹತ್ತು ಕಲೆ, ಅಂದರೆ ಡಿಗ್ರಿಯ ಆರನೆಯ ಒಂದು ಪಾಲು, ಬಡಗಣಕ್ಕೆ ಇದ್ದರೆ ಎಂದುಕೊಂಡು ಮತ್ತೊಮ್ಮೆ ಮಾಡಿದ. ಇನ್ನೂ ಹತ್ತು ಕಲೆ ಮೇಲಕ್ಕೆ ಹೋಗಿ ಮೂರನೆಯ ಸಲ ಮಾಡಿದ. ಮೂರು ಬಿಂದುಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಮೂರೂ ಒಂದೇ ನೇರ ಗೆರೆಯಲ್ಲಿ! ಆ ಗೆರೆಯನ್ನು ಮುಂದಕ್ಕೆ ಎಳೆದರೆ ಅದು ವೇಲ್ಸ್ ಕರಾವಳಿಯ ಸ್ಮಾಲ್ಸ್ ದೀಪಸ್ತಂಭದ ಮೇಲೇ ಹಾಯ್ದುಹೋಗುತ್ತಿತ್ತು.

ಹಡಗು ಆ ಗೆರೆಯ ಯಾವ ತುದಿಯಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಗೆರೆಯ ಮೇಲೆಯೇ ಇದೆ ಎಂಬುದು ಹೊಳೆಯಿತು. ಗೆರೆ ಹಿಡಿದು ಹಡಗು ನಡೆಸಿದ. ಒಂದು ಗಂಟೆಯೊಳಗೆ ಸ್ಮಾಲ್ಸ್ ದೀಪಸ್ತಂಭ ಕಣ್ಣಿಗೆ ಬಿತ್ತು.

ಅವನು ಕಂಡುಕೊಂಡದ್ದು ಇಷ್ಟು. ಯಾವುದೇ ಒಂದು ಕ್ಷಣದಲ್ಲಿ ಸೂರ್ಯ ಇಂತಿಷ್ಟೇ ಎತ್ತರದಲ್ಲಿ ಕಾಣುವ ಜಾಗಗಳೆಲ್ಲ ಭೂಮಿಯ ಮೇಲೆ ಒಂದು ವೃತ್ತಾಕಾರದಲ್ಲಿ ಹಬ್ಬಿರುತ್ತವೆ. ಆ ವೃತ್ತ ಎಷ್ಟು ದೊಡ್ಡದೆಂದರೆ ನಮ್ಮ ಹತ್ತಿರದ ತುಣುಕು ನೇರ ಗೆರೆಯಾಗಿಯೇ ಕಾಣುತ್ತದೆ. ಎರಡು ನಕ್ಷತ್ರಗಳಿಂದ ಎರಡು ಗೆರೆ ಪಡೆದರೆ ಅವು ಕೂಡುವಲ್ಲಿ ನಾವಿದ್ದೇವೆ. ಸಮ್ನರ್ ಇದನ್ನು 1843ರಲ್ಲಿ ಬಾಸ್ಟನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದ. 1875ರಲ್ಲಿ ಫ್ರೆಂಚ್ ನೌಕಾಧಿಕಾರಿ ಮಾರ್ಕ್ ಸೇಂಟ್ ಇಲೇರ್ ಆ ಲೆಕ್ಕವನ್ನು ಇನ್ನಷ್ಟು ಹಗುರಗೊಳಿಸಿದ. ಇವತ್ತಿಗೂ ಕಲಿಸುವುದು ಅದನ್ನೇ. ಗೆರೆ ಕೊಟ್ಟ ಸಮ್ನರ್ ಮಾತ್ರ 1850ರಲ್ಲಿ ಮತಿ ಕದಡಿ ಮಾನಸಿಕ ಆಸ್ಪತ್ರೆ ಸೇರಿದ. ಮತ್ತೆ ಚೇತರಿಸಿಕೊಳ್ಳಲಿಲ್ಲ, 1876ರಲ್ಲಿ ತೀರಿಕೊಂಡ. ಎಷ್ಟೋ ಸಾವಿರ ಹಡಗುಗಳನ್ನು ದಡ ಮುಟ್ಟಿಸಿದ ತಲೆ ಅದು. ನೆನೆದರೆ ಸಂಕಟವಾಗುತ್ತದೆ.

ಗೆರೆ ಎಳೆಯಲು ಪುಸ್ತಕವೊಂದು ಬೇಕು. ಅಮೆರಿಕದಲ್ಲಿ ಅದನ್ನು ಸಿದ್ಧಪಡಿಸುವುದು ವಾಷಿಂಗ್ಟನ್ನಿನಲ್ಲಿ. ಮ್ಯಾಸಚೂಸೆಟ್ಸ್ ಅವೆನ್ಯೂದಲ್ಲಿ ಅಮೆರಿಕದ ಉಪಾಧ್ಯಕ್ಷರ ಮನೆ ಇರುವ ಆವರಣವೇ ನೌಕಾಪಡೆಯ ವೀಕ್ಷಣಾಲಯ. ನಾಟಿಕಲ್ ಅಲ್ಮನಾಕ್ ಕಚೇರಿ ಅದರೊಳಗಿದೆ. 1849ರಲ್ಲಿ ಹುಟ್ಟಿದ ಈ ಕಚೇರಿಯಲ್ಲಿ ಶುಕ್ರಗ್ರಹದ ಲೆಕ್ಕ ಬಹುಕಾಲ ಮರಿಯಾ ಮಿಚೆಲ್ ಎಂಬ ಖಗೋಳಜ್ಞೆಯದಾಗಿತ್ತು. ನಮ್ಮ ಮನೆಗಳ ಗೋಡೆಯಲ್ಲಿ ತೂಗುವ ಒಂಟಿಕೊಪ್ಪಲ್ ಪಂಚಾಂಗ ಹೇಗೋ ನಾವಿಕನಿಗೆ ಈ ಅಲ್ಮನಾಕ್ ಪುಸ್ತಕ ಹಾಗೆ. ಸೂರ್ಯ, ಚಂದ್ರ, ಶುಕ್ರ, ಮಂಗಳ, ಗುರು, ಶನಿ ವರ್ಷದ ಪ್ರತಿ ಗಂಟೆಗೆ ಎಲ್ಲಿರುತ್ತಾರೆಂದು ಅದರಲ್ಲಿದೆ. ಜೊತೆಗೆ ಆಯ್ದ 57 ನಕ್ಷತ್ರಗಳು. ಪಟ್ಟಿ ಓದುತ್ತ ಹೋದರೆ ನಮ್ಮವೇ ಎದುರಾಗುತ್ತವೆ: ರೋಹಿಣಿ, ಆರ್ದ್ರಾ, ಮಖಾ, ಚಿತ್ತಾ, ಸ್ವಾತಿ, ಜ್ಯೇಷ್ಠಾ, ಶ್ರವಣ, ಅಗಸ್ತ್ಯ.

ನಕ್ಷತ್ರ ಅಳೆಯಲು ಹೊತ್ತು ಸಿಗುವುದು ಬಹಳ ಕಡಿಮೆ. ನಕ್ಷತ್ರ ಕಾಣುವಷ್ಟು ಕತ್ತಲಾಗಿರಬೇಕು, ದಿಗಂತ ಕಾಣುವಷ್ಟು ಬೆಳಕೂ ಉಳಿದಿರಬೇಕು. ಮುಸ್ಸಂಜೆಯ ಮತ್ತು ನಸುಕಿನ ಆ ಕೆಲವೇ ನಿಮಿಷಗಳಲ್ಲಿ, ಹೊಯ್ದಾಡುವ ದೋಣಿಯ ಮೇಲೆ ಬೆನ್ನು ಊರಿ ನಿಂತು, ಕನ್ನಡಿಯಲ್ಲಿ ನಕ್ಷತ್ರವನ್ನು ಕೆಳಗಿಳಿಸಿ ದಿಗಂತಕ್ಕೆ ಮುಟ್ಟಿಸಬೇಕು. ಮುಟ್ಟಿದ ಕ್ಷಣ ಕೂಗಬೇಕು. ಕೆಳಗಿದ್ದವರು ಸೆಕೆಂಡು ಬರೆದುಕೊಳ್ಳಬೇಕು. ನಾಲ್ಕು ಸೆಕೆಂಡು ತಪ್ಪಿದರೆ ಸಮಭಾಜಕದ ಬಳಿ ಒಂದು ಮೈಲಿ ತಪ್ಪುತ್ತದೆ. ಸಣ್ಣ ದೋಣಿಯಿಂದ ಎರಡು ಮೂರು ಮೈಲಿಯೊಳಗೆ ಬಂದರೆ ಒಳ್ಳೆಯ ಕೈ ಎಂದೇ ಲೆಕ್ಕ. ಧ್ರುವ ನಕ್ಷತ್ರವಾದರೆ ಇನ್ನೂ ಸುಲಭ. ಅದರ ಎತ್ತರವೇ ಹೆಚ್ಚುಕಡಿಮೆ ನಮ್ಮ ಅಕ್ಷಾಂಶ. ಮಂಗಳೂರಿನಲ್ಲಿ 13 ಡಿಗ್ರಿ, ಅನಾಪೊಲಿಸ್‌ನಲ್ಲಿ 39.

ಅನಾಪೊಲಿಸ್‌ನಲ್ಲೇ 1845ರಿಂದ ಅಮೆರಿಕದ ನೌಕಾ ಅಕಾಡೆಮಿ ಇದೆ. ಜಿಪಿಎಸ್ ಬಂದ ಮೇಲೆ, 1990ರ ದಶಕದ ಕೊನೆಗೆ, ಅಲ್ಲಿ ಈ ವಿದ್ಯೆಯ ಪಾಠ ಕೈಬಿಟ್ಟರು. ನೆಲದಿಂದ ಹೊರಡುವ ರೇಡಿಯೊ ಸಂಕೇತಗಳ ಲೊರಾನ್ ವ್ಯವಸ್ಥೆಯನ್ನೂ ದೇಶ 2010ರಲ್ಲಿ ನಿಲ್ಲಿಸಿತು. ಉಪಗ್ರಹವೊಂದೇ ಆಧಾರವಾಯಿತು. ಆ ಸಂಕೇತವನ್ನು ಶತ್ರು ಕೆಡಿಸಬಲ್ಲ ಎಂಬ ಭಯ ಗಟ್ಟಿಯಾದಾಗ, 2015ರಲ್ಲಿ ಸೆಕ್ಸ್‌ಟೆಂಟ್ ಮತ್ತೆ ತರಗತಿಗೆ ಬಂತು. ಒಂದು ತಲೆಮಾರಿನ ಅಧಿಕಾರಿಗಳು ಅದನ್ನು ಕಲಿಯದೆಯೇ ಕಡಲಿಗೆ ಹೋಗಿಬಿಟ್ಟಿದ್ದರು. ಬಿಡಬಾರದ್ದನ್ನು ಬಿಟ್ಟರು ಎಂದೇ ನನ್ನ ಅಭಿಪ್ರಾಯ. ಡೆಲಿವರಿ ಕ್ಯಾಪ್ಟನ್‌ಗಳಲ್ಲೂ ಈಗ ಸೆಕ್ಸ್‌ಟೆಂಟ್ ಒಯ್ಯುವವರು ಕಡಿಮೆ, ಅದನ್ನು ದಿನವೂ ಹಿಡಿಯುವವರು ಇನ್ನೂ ಕಡಿಮೆ. ಪೆಟ್ಟಿಗೆಯಲ್ಲಿ ಇದ್ದರಾಗಲಿಲ್ಲ, ಕೈಗೆ ರೂಢಿ ಬೇಕು.

ಇದಕ್ಕೆ ಸಮುದ್ರವೇ ಬೇಕೆಂದಿಲ್ಲ ಎಂದು ನಮ್ಮ ಶಾಲೆಗಳ ವಿಜ್ಞಾನ ಮೇಷ್ಟರುಗಳಿಗೆ ಹೇಳಬೇಕೆನಿಸುತ್ತದೆ. ಪ್ಲಾಸ್ಟಿಕ್ಕಿನ ಅಗ್ಗದ ಸೆಕ್ಸ್‌ಟೆಂಟ್ ಸಿಗುತ್ತದೆ. ದಿಗಂತದ ಬದಲಿಗೆ, ಗಾಳಿ ತಾಗದಂತೆ ಒಂದು ತಟ್ಟೆಯಲ್ಲಿ ಎಣ್ಣೆ ಇಡಿ. ಸೆಕ್ಸ್‌ಟೆಂಟಿನ ಎರಡೂ ಕಡೆಯ ಕಪ್ಪು ಗಾಜುಗಳನ್ನು ತಪ್ಪದೆ ಹಾಕಿಕೊಂಡು, ಆಕಾಶದ ಸೂರ್ಯನನ್ನು ಎಣ್ಣೆಯೊಳಗಿನ ಸೂರ್ಯನಿಗೆ ಕೂಡಿಸಿ, ಬಂದ ಕೋನವನ್ನು ಅರ್ಧ ಮಾಡಿ. ಡಿಸೆಂಬರಿನ ಕೊನೆಗೆ ಬೆಂಗಳೂರಿನಲ್ಲಿ ಹನ್ನೆರಡೂ ಕಾಲರ ಸುಮಾರಿಗೆ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಬಂದಾಗ ಆ ಅರ್ಧ ಕೋನ ಐವತ್ತಮೂರೂವರೆ ಡಿಗ್ರಿಯ ಆಸುಪಾಸು ಇರುತ್ತದೆ. ತೊಂಬತ್ತರಿಂದ ಅದನ್ನೂ, ಸೂರ್ಯ ತೆಂಕಣಕ್ಕೆ ಸರಿದ ಇಪ್ಪತ್ತಮೂರೂವರೆಯನ್ನೂ ಕಳೆದರೆ ಹದಿಮೂರು. ಅದು ಬೆಂಗಳೂರಿನ ಅಕ್ಷಾಂಶ. ಈ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಮಕ್ಕಳನ್ನು ತಾರಸಿಗೆ ಕರೆದೊಯ್ದು ಮಾಡಿಸಿ ನೋಡಿ.